ವೈನ್ ಮುಟ್ಟಿದರೆ ಮೈಲಿಗೆಯೇ?

ತಲೆಬರಹ ನೋಡಿ ಓಡಿಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಕುಡಿಯುವ ವೈನ್ ಅಲ್ಲ :-) ವಿಂಡೋಸ್‌ಗೆಂದು ಬರೆದ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ. ಆದರೆ ನಮ್ಮ ಲಿನಕ್ಸ್ ಗೆಳೆಯರಲ್ಲಿ ಕೆಲವರಿಗೆ ಇದರ ಹೆಸರೆತ್ತಿದರೆ ಸಾಕು, ನಿಜವಾದ ಬಾಟಲಿಯನ್ನೇ ದೇವರಕೋಣೆಗೆ ತಂದಿಟ್ಟಷ್ಟು ಸಿಟ್ಟು. "ವೈನ್ ಹಾಕ್ಕೊಳ್ಳೋದಾದ್ರೆ ವಿಂಡೋಸ್ ಬಿಟ್ಟಿದ್ದಾದ್ರೂ ಯಾಕ್ರೀ?"

ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮ ತಂದೆ ನಿವೃತ್ತರಾದ ಮೇಲೆ ಊರಿನ ಹಳೆಯ ಸಂಗತಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡಿಡುತ್ತಿದ್ದರು. ಕೆರೆ ಒಡೆದ ವರ್ಷ, ಜಾತ್ರೆಯ ಜಗಳ, ಅಜ್ಜಿಯ ಹಾಡುಗಳು... ಅವರು ಈಗಿಲ್ಲ, ಕಡತಗಳಿವೆ. ಅವು ಯುನಿಕೋಡ್‌ನಲ್ಲಿಲ್ಲ. ವಿಂಡೋಸ್‌ಗೆ ಮಾತ್ರ ಇದ್ದ ಹಳೆಯ ಕನ್ನಡ ತಂತ್ರಾಂಶವೊಂದರ ಸ್ವಂತ ಸ್ವರೂಪದಲ್ಲಿವೆ. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಕಾಣುವುದು ಕಸ. ಫಾಂಟ್ ಹಾಕಿಕೊಂಡೆ, ಆಗಲೂ ಕಸವೇ.

ಕೊನೆಗೆ ವೈನ್ ಹಾಕಿದೆ. 'ಡ್ರೈವ್_ಸಿ' ಅನ್ನುವ ಫೋಲ್ಡರಿನೊಳಗೆ ಒಂದು ಪುಟ್ಟ ವಿಂಡೋಸ್ ಮನೆ ಎದ್ದುನಿಂತಿತು. ಅದರ ಫಾಂಟ್ಸ್ ಫೋಲ್ಡರಿಗೆ ಹಳೆಯ ಫಾಂಟ್‌ಗಳನ್ನು ಸುರಿದು, ತಂತ್ರಾಂಶ ತೆರೆದರೆ ಅಪ್ಪನ ಕನ್ನಡ ತೆರೆಯ ಮೇಲೆ! ಸ್ವಲ್ಪ ಹೊತ್ತು ಏನೂ ಮಾಡದೆ ಓದುತ್ತಾ ಕೂತೆ. ಆಮೇಲೆ ಒಂದೊಂದನ್ನೇ ಆರ್‌ಟಿಎಫ್‌ಗೆ ಉಳಿಸಿ ಯುನಿಕೋಡ್‌ಗೆ ಪರಿವರ್ತಿಸಿದೆ. ಅರ್ಕಾವತ್ತು ಅಲ್ಲಲ್ಲಿ ಎಡವಟ್ಟು ಮಾಡಿತು. ಹಳೆಯ ಫಾಂಟ್‌ಗಳಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಅಂಥವನ್ನು ಕೈಯಲ್ಲೇ ತಿದ್ದಿದೆ.

ಇದರಲ್ಲಿ ಮಡಿ ಕೆಟ್ಟಿದ್ದೆಲ್ಲಿ? ವೈನ್ ಕದ್ದು ತಂದ ವಿಂಡೋಸ್ ಅಲ್ಲ. 1993ರಲ್ಲಿ ಶುರುವಾಗಿ, 15 ವರ್ಷ ದುಡಿದು, 2008ರಲ್ಲಿ 1.0 ಆವೃತ್ತಿ ಕಂಡ ಮುಕ್ತ ತಂತ್ರಾಂಶ. 2002ರಿಂದ ಅದರ ಪರವಾನಗಿ ಎಲ್‌ಜಿಪಿಎಲ್. ಅದು ಎಮ್ಯುಲೇಟರ್ ಕೂಡ ಅಲ್ಲ. ಪ್ರೋಗ್ರಾಮ್ ನೇರವಾಗಿ ಪ್ರೊಸೆಸರ್ ಮೇಲೇ ಓಡುತ್ತದೆ. 'ಈ ಕಡತ ತೆರೆದುಕೊಡು' ಎಂದು ಅದು ವಿಂಡೋಸ್‌ಗೆ ಕೇಳಿದಾಗ, ವೈನ್ ನಡುವೆ ನಿಂತು ಆ ಕೆಲಸವನ್ನು ಲಿನಕ್ಸ್‌ನಿಂದ ಮಾಡಿಸಿಕೊಡುತ್ತದೆ, ಅಷ್ಟೆ. ಇದರ ತಿರುವುಮುರುವನ್ನು ಮೈಕ್ರೋಸಾಫ್ಟ್ 2016ರಲ್ಲಿ ತಾನೇ ಮಾಡಿತು, ಲಿನಕ್ಸ್ ಪ್ರೋಗ್ರಾಮ್‌ಗಳನ್ನು ವಿಂಡೋಸ್‌ನಲ್ಲಿ ಓಡಿಸಲು. ಅವರಿಗೇ ಆಗದ ಮೈಲಿಗೆ ನಮಗ್ಯಾಕೆ ಮಾರಾಯ್ರೆ?

ಎದುರಾಳಿಗಳ ಬಳಿ ಒಂದು ಗಟ್ಟಿ ವಾದವಿದೆ, ಒಪ್ಪುತ್ತೇನೆ. ಐಬಿಎಂನ ಓಎಸ್/2 1992ರ ಹೊತ್ತಿಗೆ ವಿಂಡೋಸ್ ಪ್ರೋಗ್ರಾಮ್‌ಗಳನ್ನು ಚೆನ್ನಾಗಿಯೇ ಓಡಿಸುತ್ತಿತ್ತು. ಹಾಗಿದ್ದ ಮೇಲೆ ಓಎಸ್/2ಗೆಂದೇ ಬೇರೆ ಬರೆಯುವ ಗೋಜು ಯಾರಿಗೆ ಬೇಕಿತ್ತು? ಹಾಗೆಯೇ ವೈನ್ ಇದ್ದರೆ ಲಿನಕ್ಸ್‌ಗೆ ಯಾರೂ ಬರೆಯುವುದಿಲ್ಲ ಅನ್ನುತ್ತಾರೆ.

ಹೊಸ ತಂತ್ರಾಂಶದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಇವತ್ತು ಯಾರಾದರೂ ವಿಂಡೋಸ್‌ಗೆ ಮಾತ್ರ ಕನ್ನಡ ತಂತ್ರಾಂಶ ಮಾಡಿ, "ನಿಮಗೆ ವೈನ್ ಇದೆಯಲ್ಲ" ಅಂದರೆ ನಾನೂ ಜಗಳಕ್ಕೆ ಬರುತ್ತೇನೆ. ಆದರೆ ಅಪ್ಪ ಟೈಪ್ ಮಾಡಿಟ್ಟಿದ್ದನ್ನು ಲಿನಕ್ಸ್‌ಗೆಂದು ಇನ್ನೊಮ್ಮೆ ಟೈಪ್ ಮಾಡಿಕೊಡುವವರು ಯಾರು? ಮಾಡಿದವರೇ ಕೈಬಿಟ್ಟ ತಂತ್ರಾಂಶಕ್ಕೆ ಲಿನಕ್ಸ್ ಆವೃತ್ತಿ ಬರಲಿ ಎಂದು ಎಷ್ಟು ವರ್ಷ ಕಾಯುವುದು?

ಹಾಗಂತ ವೈನ್ ಸಂಜೀವಿನಿಯೇನಲ್ಲ. ಡ್ರೈವರ್ ಬೇಡುವ ಡಾಂಗಲ್ ಬೀಗದ ತಂತ್ರಾಂಶಗಳು ಇದರಲ್ಲಿ ಸಾಮಾನ್ಯವಾಗಿ ಕೈಕೊಡುತ್ತವೆ. ವೈರಸ್ ಕೂಡ ಓಡಬಲ್ಲದು, 'ಜೆಡ್' ಡ್ರೈವ್ ಮೂಲಕ ನಿಮ್ಮ ಸ್ವಂತ ಕಡತಗಳಿಗೂ ಕೈಹಾಕಬಲ್ಲದು. ಸಿಕ್ಕಸಿಕ್ಕ ಇಎಕ್ಸ್‌ಇ ಒತ್ತಬೇಡಿ.

ನಿಮ್ಮ ಮನೆಯಲ್ಲೂ ಅಂಥ ಹಳೆಯ ಸಿಡಿ ಇರಬಹುದು. ಈ ಭಾನುವಾರ ಹುಡುಕಿ ತೆಗೆಯಿರಿ. ಸಿಡಿ ಹಾಳಾದ ಮೇಲೆ ಯಾವ ವೈನೂ ಉಪಯೋಗಕ್ಕೆ ಬರುವುದಿಲ್ಲ. ನನ್ನನ್ನು ಬೈಯುವುದಿದ್ದರೆ ಅದರಲ್ಲೇನಿದೆ ಅಂತ ನೋಡಿದ ಮೇಲೆ ಬೈಯಿರಿ :-)