ಮನೆಗೆ ಹತ್ತಿರದ ಜ್ವಾಲಾಮುಖಿ ದ್ವೀಪ

ಜ್ವಾಲಾಮುಖಿಯ ದ್ವೀಪವೆಂದೊಡನೆ ನಮ್ಮ ಕಲ್ಪನೆ ಹವಾಯಿಗೋ ಐಸ್‌ಲೆಂಡಿಗೋ ಹಾರುತ್ತದೆ. ಪುತ್ತೂರು, ಸುಳ್ಯ, ಕಡಬಗಳ ಕುಟುಂಬಗಳು ಮುಂಜಾನೆ ಹೊರಟರೆ ಮಧ್ಯಾಹ್ನದೊಳಗೆ ಅಂಥದೊಂದು ದ್ವೀಪವನ್ನು ಮೆಟ್ಟಬಹುದೆಂದರೆ ಹಲವರು ನಂಬಲಾರರು. ಪುತ್ತೂರಿನಿಂದ ಮಂಗಳೂರಿನ ಮಾರ್ಗವಾಗಿ ಉಡುಪಿಗೆ ಸುಮಾರು 110 ಕಿಲೋಮೀಟರು. ಅಲ್ಲಿಂದ ಮಲ್ಪೆಗೆ ಹೋಗಿ ದೋಣಿಯೇರಿದರೆ ಸೇಂಟ್ ಮೇರೀಸ್ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಆ ಹೆಸರಿಟ್ಟನೆಂಬ ಪ್ರತೀತಿಯುಂಟು.

ಅಲ್ಲಿ ವಸ್ತುಸಂಗ್ರಹಾಲಯದ ಕಟ್ಟಡವಿಲ್ಲ, ದ್ವೀಪವೇ ಸಂಗ್ರಹಾಲಯ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದೊಳಗಿಂದ ಉಕ್ಕಿದ ಲಾವಾರಸ ತಣಿದು ಈ ಶಿಲೆಗಳಾದವು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೀವು ಕಂಡಿದ್ದೀರಿ. ಲಾವಾರಸವೂ ತಣಿಯುತ್ತ ಕುಗ್ಗಿತು, ಬಿರಿಯಿತು. ಬಿರುಕುಗಳು ಆಳಕ್ಕಿಳಿದಂತೆ ಐದು, ಆರು, ಏಳು ಮುಖಗಳ ಕಂಬಗಳು ಮೂಡಿದವು. ಕೆಲವು ಆಳೆತ್ತರವನ್ನೂ ಮೀರಿವೆ. ನಮ್ಮ ಮನೆಗಳ ಗೋಡೆಯ ಮುರಕಲ್ಲು ಮಳೆ ಬಿಸಿಲುಗಳಿಗೆ ಬಂಡೆ ಸವೆದು ಆದದ್ದು. ಈ ಕಂಬಗಳು ಬೆಂಕಿಯಿಂದ ಹುಟ್ಟಿದವು. ಎರಡನ್ನೂ ತೋರಿಸಿದರೆ ಮಕ್ಕಳಿಗೆ ಭೂಗೋಳದ ಒಂದು ಪಾಠವೇ ಆದೀತು.

ಕಟ್ಟಡದೊಳಗಿನ ಸಂಗ್ರಹಾಲಯವನ್ನು ನೋಡಬಯಸುವವರು ದಡಕ್ಕೆ ಮರಳಿ ಮಣಿಪಾಲಕ್ಕೆ ಹೋಗಬೇಕು. ಐಸ್‌ಲೆಂಡಿನ ಹೈಮೇ ದ್ವೀಪದಲ್ಲಿ 1973ರ ಜ್ವಾಲಾಮುಖಿ ನೂರಾರು ಮನೆಗಳನ್ನು ನಾಶಮಾಡಿತು. ಬೂದಿಯಲ್ಲಿ ಹೂತಿದ್ದ ಒಂದು ಮನೆಯನ್ನು ಅಗೆದು ತೆಗೆದು, ಅದರ ಸುತ್ತಲೇ ಕಟ್ಟಿದ ಸಂಗ್ರಹಾಲಯವನ್ನು ಅಲ್ಲಿಯವರು 2014ರಲ್ಲಿ ತೆರೆದರು. ನಮ್ಮ ಹಳೆಯ ಮನೆಗಳನ್ನು ಅಳಿಸುತ್ತಿರುವುದು ಬೂದಿಯಲ್ಲ. ಪಾಲುಪಟ್ಟಿ, ಕಾಂಕ್ರೀಟು, ಪರವೂರಿನ ನೌಕರಿ. ಅಂಥ ಮನೆಗಳನ್ನು ಕಂಬ, ತೊಲೆ, ಬಾಗಿಲುಗಳ ಸಮೇತ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದವರು ವಿಜಯನಾಥ ಶೆಣೈ. ಕರಾವಳಿಯ ಕುಂಜೂರಿನ ಚೌಕಿ ಮನೆಯೂ ದೂರದ ಕುಕನೂರಿನ ಕಮಲ ಮಹಲೂ ಅವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಒಂದೇ ಆವರಣದಲ್ಲಿ ನಿಂತಿವೆ.

ಇಷ್ಟು ದೂರ ಹೋಗಲಾರದವರಿಗೆ ಪುತ್ತೂರಿನಲ್ಲಿಯೇ ಬಾಲವನವಿದೆ. 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ, ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ತಾಣವದು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಲಾಗಿದೆ. ಆ ದಾರಿಯಲ್ಲಿ ನಿತ್ಯ ಓಡಾಡುವವರಲ್ಲಿ ಎಷ್ಟು ಮಂದಿ ಒಳಹೊಕ್ಕು ನೋಡಿದ್ದಾರೋ!

ಹೊರಡುವವರಿಗೆ ಕೆಲವು ಸೂಚನೆಗಳು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಗಳಿಲ್ಲ, ಚಳಿಗಾಲವೇ ಹಿತ. ಮಣಿಪಾಲದಲ್ಲಿ ಪ್ರವೇಶದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಕೊಡೆ, ಕುಡಿಯುವ ನೀರು ಜೊತೆಗಿರಲಿ. ಅಲೆ ಬಡಿಯುವ ಬಂಡೆಗಳು ಜಾರುತ್ತವೆ, ಮಕ್ಕಳ ಕೈಬಿಡಬೇಡಿ. ನೆನಪಿಗೆಂದು ಕಲ್ಲಿನ ಚೂರನ್ನು ತರಬೇಡಿ, ಕಂಬಗಳ ಮೇಲೆ ಹೆಸರು ಗೀಚಬೇಡಿ. ಮುರಿದ ಕಂಬವನ್ನು ಮತ್ತೆ ನಿಲ್ಲಿಸಲು ಲಾವಾರಸ ಇನ್ನೊಮ್ಮೆ ಉಕ್ಕಿ ಬಾರದು.

ಮಣಿಪಾಲಕ್ಕೆ ಮಾತ್ರ ಮನೆಯ ಅಜ್ಜಿಯನ್ನೂ ಅವಶ್ಯವಾಗಿ ಕರೆದೊಯ್ಯಿರಿ. ಜಗಲಿ, ಚಾವಡಿ, ಉಗ್ರಾಣಗಳಲ್ಲಿ ಯಾರು ಕೂರುತ್ತಿದ್ದರು, ಏನು ಇಡುತ್ತಿದ್ದರು ಎಂಬುದನ್ನು ಮೊಮ್ಮಕ್ಕಳಿಗೆ ಹೇಳಬಲ್ಲವರು ಅವರು. ಆ ಮಾತುಗಳನ್ನು ಯಾವ ಸಂಗ್ರಹಾಲಯವೂ ಇನ್ನೂ ಪೂರ್ಣವಾಗಿ ಕೂಡಿಟ್ಟಿಲ್ಲ.