ಟಾಪಿನ ಮೇಲಿನ ಪೆಟ್ಟಿಗೆ: ಲೀಟರಿನ ಲೆಕ್ಕ, ಕಿಲೋದ ಲೆಕ್ಕ

ಅಂಬಾಸಿಡರ್ ಕಾರಿನ ಟಾಪಿನ ಎರಡೂ ಅಂಚಿಗೆ ಮಳೆನೀರು ಹರಿದುಹೋಗಲೆಂದು ಸಣ್ಣದೊಂದು ತಗಡಿನ ದೋಣಿ ಇರುತ್ತಿತ್ತು. ಕ್ಯಾರಿಯರ್ ಕೂರುತ್ತಿದ್ದುದು ಆ ದೋಣಿಯ ಮೇಲೆಯೇ. ಕ್ಲಾಂಪು ಸಿಕ್ಕಿಸಿ ನಟ್ಟು ಬಿಗಿದರೆ ಕೆಲಸ ಮುಗಿಯಿತು. ಆಮೇಲೆ ಅದರ ಮೇಲೆ ಟ್ರಂಕು, ಹೋಲ್ಡಾಲು, ಮದುವೆಯ ಪಾತ್ರೆ ಪಗಡಿ, ಎಲ್ಲಕ್ಕೂ ಮೇಲೊಂದು ತಾಡಪಾಲು, ಸುತ್ತಲೂ ಹಗ್ಗ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಎಸ್‌ಯುವಿಗಳ ಟಾಪು ನುಣುಪು. ದೋಣಿಯೂ ಇಲ್ಲ, ಕ್ಲಾಂಪು ಹಿಡಿಯುವ ಅಂಚೂ ಇಲ್ಲ.

ಸಾಮಾನು ಮಾತ್ರ ಕಡಿಮೆಯಾಗಿಲ್ಲ. ಏಳು ಸೀಟಿನ ಗಾಡಿ ಎಂದು ಕೊಂಡುತಂದ ಮೇಲೆ, ಏಳೂ ಜನ ಕೂತ ದಿನವೇ ನಿಜಾಂಶ ಗೊತ್ತಾಗುವುದು. ಮೂರನೆಯ ಸಾಲಿನ ಹಿಂದೆ ಉಳಿಯುವುದು ನಾಲ್ಕು ಕೈಚೀಲದ ಜಾಗ. ಬೆಂಗಳೂರಿನಿಂದ ದೀಪಾವಳಿಗೆ ಶಿರಸಿಗೋ ಉಡುಪಿಗೋ ಹೊರಟ ಸಂಸಾರಕ್ಕೆ ಅದು ಎಲ್ಲಿ ಸಾಕು? ಹೀಗಾಗಿಯೇ ದೋಣಿಯನ್ನು ಬೋರಲು ಹಾಕಿದಂತೆ ಕಾಣುವ ಕಪ್ಪು ಪ್ಲಾಸ್ಟಿಕ್ಕಿನ ಉದ್ದ ಪೆಟ್ಟಿಗೆಗಳು ಹೆದ್ದಾರಿಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಅಂಗಡಿಯಲ್ಲಿ ಅದರ ಹೆಸರು ರೂಫ್ ಬಾಕ್ಸ್.

ಈ ಪೆಟ್ಟಿಗೆಯ ಆಕಾರಕ್ಕೊಂದು ಕಾರಣವಿದೆ. ಇದು ಬೆಳೆದದ್ದು ಹಿಮ ಬೀಳುವ ನಾಡುಗಳಲ್ಲಿ. ಸ್ವೀಡನ್ನಿನಲ್ಲಿ 1942ರಲ್ಲಿ ಹುಟ್ಟಿದ ಥೂಲೆ ಕಂಪೆನಿ ಕಾರಿನ ಟಾಪಿನ ಮೇಲೆ ಸ್ಕೀ ಹಲಗೆ ಸಾಗಿಸುವ ಚೌಕಟ್ಟನ್ನು 1962ರಲ್ಲಿ ಹೊರತಂದಿತು. ಮುಚ್ಚಿದ ಪೆಟ್ಟಿಗೆ ಬಂದದ್ದು ಆ ದಾರಿಯಲ್ಲೇ. ಸ್ಕೀ ಹಲಗೆ ಉದ್ದ, ಆದರೆ ಹಗುರ. ಚಳಿಯ ಕೋಟು, ಕಂಬಳಿಗಳೂ ಅಷ್ಟೆ, ನೋಡಲು ರಾಶಿ, ಎತ್ತಿದರೆ ಹತ್ತಿ. ನಮ್ಮವರ ಸಾಮಾನು ಇದಕ್ಕೆ ತದ್ವಿರುದ್ಧ. ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು, ಉಪ್ಪಿನಕಾಯಿ ಭರಣಿ ಇವೆಲ್ಲ ಜಾಗ ಹಿಡಿಯುವುದು ಕಡಿಮೆ, ತೂಗುವುದು ಹೆಚ್ಚು.

ಪೆಟ್ಟಿಗೆಯನ್ನು ಮಾರುವುದು ಲೀಟರಿನ ಲೆಕ್ಕದಲ್ಲಿ. 300 ಲೀಟರ್, 400 ಲೀಟರ್, 500 ಲೀಟರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಟಾಪು ಹೊರುವುದಾದರೋ ಕಿಲೋದ ಲೆಕ್ಕದಲ್ಲಿ. ಆ ಅಂಕಿ ಗಾಡಿಯೊಂದಿಗೆ ಕೊಟ್ಟ ಪುಸ್ತಕದಲ್ಲಿ, ಯಾರೂ ಬಿಡಿಸದ ಪುಟದಲ್ಲಿರುತ್ತದೆ. ಅನೇಕ ಗಾಡಿಗಳಿಗೆ ಅದು 75 ಕಿಲೋ, ಕೆಲವಕ್ಕೆ 100, ಕೆಲವಕ್ಕೆ 50 ಮಾತ್ರ. ಸನ್‌ರೂಫ್ ಇರುವ ಮಾದರಿಗೆ ಬೇರೆಯೇ ಮಿತಿ ಹೇಳುವ ತಯಾರಕರೂ ಇದ್ದಾರೆ. ಈ ಮಿತಿ ಸಾಮಾನಿಗೆ ಮಾತ್ರವಲ್ಲ. ಟಾಪಿನ ಮೇಲೆ ಏರಿದ್ದಕ್ಕೆಲ್ಲ ಅನ್ವಯ. 75 ಕಿಲೋದಲ್ಲಿ ಅಡ್ಡಪಟ್ಟಿಗಳಿಗೆ 6 ಕಿಲೋ, ಪೆಟ್ಟಿಗೆಯ ಸ್ವಂತ ತೂಕ 20 ಕಿಲೋ ಕಳೆದರೆ ಉಳಿಯುವುದು 49. ಎರಡು ಮೂಟೆ ಅಕ್ಕಿಯೂ ಇಲ್ಲ! ಪೆಟ್ಟಿಗೆಯ ಮೇಲೆ ‘75 ಕಿಲೋ ತಡೆಯುತ್ತದೆ’ ಎಂದು ಬರೆದಿದ್ದರೆ ಅದು ಪೆಟ್ಟಿಗೆಯ ಶಕ್ತಿ, ಟಾಪಿನದಲ್ಲ. ಎರಡರಲ್ಲಿ ಚಿಕ್ಕದನ್ನೇ ಹಿಡಿಯಬೇಕು.

ಊರಿಗೆ ಹೋಗುವಾಗ ಈ ಮಿತಿ ದಾಟುವವರು ಕಡಿಮೆ. ಬಟ್ಟೆ, ಹೊದಿಕೆ, ಮಕ್ಕಳ ಆಟಿಕೆ, ಎಲ್ಲ ಸೇರಿ 30 ಕಿಲೋ ಆದೀತು. ಅಪಾಯ ಇರುವುದು ಹಿಂದಿರುಗುವಾಗ. ಅತ್ತೆ ಮನೆಯಂಗಳದಲ್ಲಿ ಗಾಡಿ ನಿಂತಿದೆ, ಪೆಟ್ಟಿಗೆ ಬಾಯಿ ತೆರೆದಿದೆ, ಅದರಲ್ಲಿ ಜಾಗ ಕಾಣುತ್ತಿದೆ. ‘ಇಷ್ಟು ದೊಡ್ಡ ಪೆಟ್ಟಿಗೆ ಖಾಲಿ ಒಯ್ಯುತ್ತೀರಾ?’ ಎಂಬ ಪ್ರೀತಿಯ ಆಕ್ಷೇಪಣೆಯೊಂದಿಗೆ ನೂರು ತೆಂಗಿನಕಾಯಿ ಬಂದು ಬೀಳುತ್ತದೆ. ಸುಲಿದ ಕಾಯಿ ಒಂದಕ್ಕೆ ಅರ್ಧ ಕಿಲೋ ಹಿಡಿದರೂ 50 ಕಿಲೋ ಆಯಿತು. ಪೆಟ್ಟಿಗೆ ಇನ್ನೂ ಅರ್ಧ ಖಾಲಿಯೇ ಕಾಣುತ್ತಿರುತ್ತದೆ. ಅದರ ಮೇಲೊಂದು ಬಾಳೆಗೊನೆ, ಎರಡು ಬೂದುಗುಂಬಳ. ಇನ್ನು ಗಾಡಿ ಶಿರಾಡಿಯನ್ನೋ ಆಗುಂಬೆಯನ್ನೋ ಹತ್ತಬೇಕು.

ಘಾಟಿಯ ತಿರುವಿನಲ್ಲಿ ಗಾಡಿ ಹೊರಮಗ್ಗುಲಿಗೆ ವಾಲುವುದು ಸಹಜ. ಎಸ್‌ಯುವಿ ಮೊದಲೇ ಎತ್ತರದ ಗಾಡಿ. ನೆಲದಿಂದ ಆರು ಅಡಿ ಎತ್ತರದಲ್ಲಿ ಇನ್ನೊಂದು ಕ್ವಿಂಟಾಲು ಹೇರಿದರೆ ಭಾರದ ಕೇಂದ್ರ ಇನ್ನೂ ಮೇಲೇರುತ್ತದೆ, ಮಗುಚುವ ಸಂಭವವೂ ಅದರೊಟ್ಟಿಗೇ ಏರುತ್ತದೆ. ದಿನವೂ ಓಡಿಸುವ ಗಾಡಿ, ದಿನವೂ ತಿರುಗಿಸುವ ವೇಗ; ಆದರೆ ಅಂದು ಅದು ಬೇರೆಯೇ ಗಾಡಿ. ಜೋರಾಗಿ ಬ್ರೇಕು ಒತ್ತಿದಾಗ 50 ಕಿಲೋ ಸಾಮಾನು ಸುಮಾರು 40 ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ. ಆ ನೂಕನ್ನು ತಡೆಯಬೇಕಾದ್ದು ನಾಲ್ಕು ಹಿಡಿಕೆಗಳು. ಗುಂಡಿ ಬಿದ್ದ ರಸ್ತೆಯಲ್ಲಿ, ಊರಿಗೊಂದರಂತೆ ಹಾಕಿದ ಹಂಪುಗಳಲ್ಲಿ ಭಾರವೆಲ್ಲ ಕುಪ್ಪಳಿಸಿ ಕುಪ್ಪಳಿಸಿ ಬೀಳುತ್ತದೆ. ಕಚ್ಚಾ ರಸ್ತೆಗೆ ಟಾಪಿನ ಮಿತಿಯನ್ನು ಮೂರನೇ ಎರಡಕ್ಕೆ ಇಳಿಸಿ ಎಂದು ಕ್ಯಾರಿಯರ್ ತಯಾರಕರಲ್ಲಿ ಕೆಲವರು ಹೇಳುವುದು ಇದಕ್ಕೇ. ಮಲೆನಾಡಿನ ಮನೆಯ ಕೊನೆಯ ಎರಡು ಮೈಲಿ ಈ ಲೆಕ್ಕಕ್ಕೇ ಸೇರುತ್ತದೆ.

ಹಾಗಾದರೆ ತೆಂಗಿನಕಾಯಿ ಏನಾಗಬೇಕು? ಭಾರದ್ದು ಯಾವಾಗಲೂ ಕೆಳಗೆ, ಸೀಟಿನ ಕಾಲಡಿ, ಡಿಕ್ಕಿಯ ನೆಲದಲ್ಲಿ. ಅಲ್ಲಿದ್ದ ಬಟ್ಟೆಯ ಚೀಲಗಳು ಮೇಲಕ್ಕೆ. ಪೆಟ್ಟಿಗೆ ಇರುವುದು ಈ ಅದಲುಬದಲಿಗಾಗಿ. ಅದೂ ಸಾಲದಿದ್ದರೆ ಮೂಟೆಗಳನ್ನು ಬಸ್ಸಿನ ಪಾರ್ಸೆಲ್ಲಿಗೆ ಹಾಕಬಹುದು. ಏಕೆಂದರೆ ಇಡೀ ಗಾಡಿಗೂ ಒಂದು ಒಟ್ಟು ತೂಕದ ಮಿತಿ ಇದೆ. ತಲೆಗೆ 65 ಕಿಲೋದಂತೆ ಏಳು ಜನರೇ 455 ಕಿಲೋ ಆಗುತ್ತಾರೆ. ಆಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ತುಂಬಿದ ಗಾಡಿಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಬೇರೆಯಾಗಿಯೇ ಬರೆದಿರುತ್ತದೆ. ಹೊರಡುವ ಮುನ್ನ ಅದನ್ನು ನೋಡಿ ಗಾಳಿ ಹೊಡೆಸಬೇಕು.

ಇನ್ನು ಕೂರಿಸುವ ಮಾತು. ಟಾಪಿನ ಮೇಲೆ ಉದ್ದಕ್ಕೆ ಎರಡು ಬೆಳ್ಳಿಬಣ್ಣದ ರೇಲುಗಳಿರುವುದನ್ನು ಕಂಡು ‘ಕ್ಯಾರಿಯರಿಗೆಂದೇ ಕೊಟ್ಟಿದ್ದಾರೆ’ ಎಂದುಕೊಳ್ಳುವವರು ಬಹಳ. ಎಲ್ಲವೂ ಹಾಗಲ್ಲ. ಕೆಲವು ಗಾಡಿಗಳ ರೇಲು ಬರೀ ಅಲಂಕಾರ, ಪ್ಲಾಸ್ಟಿಕ್ಕಿನದು, ಅಂಟಿಸಿದ್ದು. ಅದರ ಮೇಲೆ ಭಾರ ಹೇರುವುದೂ ಹಣೆಯ ಬಾಸಿಂಗಕ್ಕೆ ಕೊಡ ತೂಗಹಾಕುವುದೂ ಒಂದೇ. ನೋಡಿ, ತಟ್ಟಿ ತಿಳಿಯುವಂಥದ್ದಲ್ಲ ಇದು. ಗಾಡಿಯ ಪುಸ್ತಕ ನೋಡಬೇಕು, ಅಥವಾ ಶೋರೂಮಿನವರಿಂದ ಬರಹದಲ್ಲಿ ಪಡೆಯಬೇಕು. ಕೌಂಟರಿನಲ್ಲಿ ನಿಂತವರ ಬಾಯಿಮಾತು ಇಲ್ಲಿ ಸಾಲದು.

ರೇಲು ಗಟ್ಟಿಯಾದರೆ ಅದರ ಮೇಲೆ ಅಡ್ಡಲಾಗಿ ಎರಡು ಪಟ್ಟಿ ಬರುತ್ತವೆ, ಕ್ರಾಸ್ ಬಾರ್. ರೇಲಿನ ಕೆಳಗೆ ಸಂದು ಇದೆಯೋ, ರೇಲು ಟಾಪಿಗೆ ಅಂಟಿಕೊಂಡೇ ಇದೆಯೋ ಎಂಬುದರ ಮೇಲೆ ಪಟ್ಟಿಯ ಪಾದಗಳು ಬೇರೆಬೇರೆ. ಎಲ್ಲ ಗಾಡಿಗೂ ಆಗುತ್ತದೆ ಎಂದು ಮಾರುವ ಪಾದಗಳು ಯಾವ ಗಾಡಿಗೂ ಸರಿಯಾಗಿ ಕೂರುವುದಿಲ್ಲ. ಎರಡು ಪಟ್ಟಿಗಳ ನಡುವೆ ಎಷ್ಟು ಅಂತರವಿರಬೇಕೆಂದು ಪೆಟ್ಟಿಗೆಯವರೇ ಹೇಳಿರುತ್ತಾರೆ. ಟೇಪು ಹಿಡಿದು ಅಳೆಯಬೇಕು, ಎಡಬಲ ಎರಡೂ ಕಡೆ. ಪಟ್ಟಿ ಸೊಟ್ಟಗೆ ಕೂತರೆ ಪೆಟ್ಟಿಗೆಯೂ ಸೊಟ್ಟಗೆ, ಹೋಗುವ ದಾರಿಯುದ್ದಕ್ಕೂ ಸಿಳ್ಳೆ.

ಪೆಟ್ಟಿಗೆಯನ್ನು ಮೇಲಿಟ್ಟು ಬಿಗಿಯುವ ಮೊದಲು ಹಿಂದಿನ ಬಾಗಿಲನ್ನು ನಿಧಾನವಾಗಿ ಪೂರ್ತಿ ಎತ್ತಿ ನೋಡಬೇಕು. ಬಹುತೇಕ ಎಸ್‌ಯುವಿಗಳ ಡಿಕ್ಕಿ ಬಾಗಿಲು ಮೇಲಕ್ಕೆ ತೆರೆಯುವಂಥದ್ದು. ಪೆಟ್ಟಿಗೆಯ ಬಾಲಕ್ಕೆ ಅದು ಬಡಿದರೆ ಬಣ್ಣವೂ ಹೋಯಿತು, ಪೆಟ್ಟಿಗೆಯೂ ಬಿರುಕಿತು. ಸ್ವಿಚ್ಚು ಒತ್ತಿದರೆ ತಾನೇ ತೆರೆಯುವ ಬಾಗಿಲಾದರೆ ಇನ್ನೂ ಹುಷಾರು. ಬಾಲ ಅಡ್ಡಬಂದರೆ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಬೇಕು, ಆದರೆ ಮುಂಗಾಜಿನ ಮೇಲೆ ಚಾಚುವಷ್ಟಲ್ಲ. ಎರಡೂ ಸಾಧ್ಯವಾಗದಿದ್ದರೆ ಆ ಪೆಟ್ಟಿಗೆ ಆ ಗಾಡಿಗೆ ಉದ್ದವಾಯಿತು ಎಂದೇ ಅರ್ಥ. ಅದಕ್ಕೇ ಕೊಳ್ಳುವ ಮೊದಲೇ ಟಾಪಿನ ಉದ್ದ ಅಳೆದುಕೊಂಡು ಹೋಗುವುದು ಲೇಸು.

ಕೊಳ್ಳುವಾಗ ನಮ್ಮ ದೇಶದವರು ವಿಶೇಷವಾಗಿ ನೋಡಬೇಕಾದ್ದು ಇನ್ನೊಂದಿದೆ. ಯುರೋಪಿನ ಬಹುಪಾಲು ದೇಶಗಳಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಅಲ್ಲಿಗೆಂದು ಮಾಡಿದ, ಒಂದೇ ಮಗ್ಗುಲಿಗೆ ತೆರೆಯುವ ಪೆಟ್ಟಿಗೆ ರಸ್ತೆಯಂಚಿಗೆ, ಎಂದರೆ ಬಲಕ್ಕೆ ತೆರೆಯುತ್ತದೆ. ಅದೇ ಪೆಟ್ಟಿಗೆಯನ್ನು ಇಲ್ಲಿ ಬಳಸಿದರೆ ಲಾರಿಗಳು ಹಾಯುವ ಕಡೆ ನಿಂತು ಚೀಲ ಇಳಿಸಬೇಕಾಗುತ್ತದೆ. ಎಡಕ್ಕೆ ತೆರೆಯುವುದು, ಇಲ್ಲವೇ ಎರಡೂ ಕಡೆ ತೆರೆಯುವುದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದೇ ಇರಲಿ. ಎಲ್ಲ ಚಿಲಕ ಕೂತ ಹೊರತು ಕೀಲಿಕೈ ಹೊರಬರದಂತೆ ಮಾಡಿರುವ ಪೆಟ್ಟಿಗೆಗಳಿವೆ. ಮರೆವಿನವರಿಗೆ ಅವು ವರ.

ತುಂಬುವಾಗ ಭಾರದ ಚೀಲ ಎರಡು ಪಟ್ಟಿಗಳ ನಡುವೆ, ಹಗುರದ್ದು ಹಿಂದೆ ಮುಂದೆ. ಒಳಗಿನ ಬೆಲ್ಟು ಬಿಗಿಯಲೇಬೇಕು. ಮುಚ್ಚಳ ಇರುವುದು ಮಳೆಗೆ, ಸಾಮಾನು ಹಿಡಿಯುವುದಕ್ಕಲ್ಲ. ಮಳೆಗೂ ಅದು ಅಷ್ಟಕ್ಕಷ್ಟೆ. ಕರಾವಳಿಯ ಆಷಾಢದಲ್ಲಿ ಗಾಳಿ ನೀರನ್ನು ಅಡ್ಡಡ್ಡ ನುಗ್ಗಿಸುವಾಗ ರೇಷ್ಮೆ ಸೀರೆ ಇರುವ ಚೀಲಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಇದ್ದೇ ಇರಲಿ. ಐವತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ನಾಲ್ಕೂ ಹಿಡಿಕೆಗಳನ್ನು ಕೈಯಾಡಿಸಿ ನೋಡಬೇಕು. ಕಾಫಿಗೆಂದು ಹೇಗೂ ನಿಲ್ಲಿಸುತ್ತಾರೆ.

ಗಾಡಿಯ ಎತ್ತರ ಬದಲಾಗಿದೆ ಎಂಬುದು ಚಾಲಕನ ಕಣ್ಣಿಗೆ ಬೀಳುವುದಿಲ್ಲ. 1.75 ಮೀಟರಿನ ಗಾಡಿಗೆ ಪಟ್ಟಿ, ಪೆಟ್ಟಿಗೆ ಸೇರಿದರೆ 2.2 ಮೀಟರ್ ದಾಟುತ್ತದೆ. ನೆಲಮಾಳಿಗೆಯ ಪಾರ್ಕಿಂಗಿನ ಬಾಯಲ್ಲಿ 2.1 ಮೀಟರ್ ಎಂದು ಬರೆದ ಕಬ್ಬಿಣದ ಅಡ್ಡಪಟ್ಟಿ ತೂಗುತ್ತಿದ್ದರೆ ಅಲ್ಲಿಗೆ ಪ್ರಯಾಣ ಮುಗಿದಂತೆ. ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗಿನ ಬಳಿ ಅಂಟಿಸಿಕೊಳ್ಳುವುದು ಮಕ್ಕಳಾಟದಂತೆ ಕಂಡರೂ ಕೆಲಸಕ್ಕೆ ಬರುತ್ತದೆ.

ಕಾನೂನಿನ ಬಗ್ಗೆ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಟಾಪಿಗೆ ತೂತು ಕೊರೆದು, ವೆಲ್ಡಿಂಗ್ ಮಾಡಿಸಿ ಕ್ಯಾರಿಯರ್ ಕೂರಿಸುವ ಗ್ಯಾರೇಜಿನ ಸಾಹಸಕ್ಕೆ ಕೈಹಾಕದಿರುವುದೇ ಕ್ಷೇಮ. ಕಳಚಿ ತೆಗೆಯಬಹುದಾದ, ಗಾಡಿಯ ತಯಾರಕರೇ ತಮ್ಮ ಪಟ್ಟಿಯಲ್ಲಿ ಸೇರಿಸಿದ ಸಲಕರಣೆಯನ್ನು ಕೊಂಡು ಬಿಲ್ಲು ಇಟ್ಟುಕೊಳ್ಳಬೇಕು. ಸಂಶಯವಿದ್ದರೆ ಆರ್‌ಟಿಓ ಕಚೇರಿಯಲ್ಲಿ, ವಿಮೆಯವರಲ್ಲಿ ಮೊದಲೇ ಕೇಳಬೇಕು; ಅಪಘಾತವಾದ ಮೇಲೆ ಕೇಳುವ ಪ್ರಶ್ನೆಯಲ್ಲ ಅದು.

ಕೊನೆಗೆ ಡೀಸೆಲ್ ಖರ್ಚು. ದೊಡ್ಡ, ಮೊಂಡು ಮುಖದ ಪೆಟ್ಟಿಗೆಯಿಂದ ಹೆದ್ದಾರಿಯಲ್ಲಿ ಮೈಲೇಜು ಶೇ 6ರಿಂದ 17ರಷ್ಟು ಇಳಿಯುತ್ತದೆ, ಗಂಟೆಗೆ 105ರಿಂದ 120 ಕಿಲೋಮೀಟರ್ ವೇಗದಲ್ಲಿ ಶೇ 10ರಿಂದ 25ರಷ್ಟು ಎಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಗಾಡಿ 400 ಕಿಲೋಮೀಟರಿಗೆ ನಾಲ್ಕೈದು ಲೀಟರ್ ಹೆಚ್ಚಿಗೆ ಕುಡಿದರೆ ಆಶ್ಚರ್ಯವಿಲ್ಲ. 80ರಲ್ಲೇ ಹೋದರೆ ಡೀಸೆಲ್ಲೂ ಉಳಿಯುತ್ತದೆ, ಘಾಟಿಯ ಬುಡಕ್ಕೆ ಸೇರುವಾಗ ಚಾಲಕನ ಮನಸ್ಸೂ ನಿಧಾನಕ್ಕೆ ಒಗ್ಗಿರುತ್ತದೆ.

ಹಬ್ಬ ಮುಗಿಸಿ ಬಂದ ಮಾರನೆಯ ದಿನವೇ ಪೆಟ್ಟಿಗೆ ಕೆಳಗಿಳಿಯಬೇಕು. ಆಫೀಸಿಗೆ ಹೋಗುವ ಗಾಡಿಯ ತಲೆಯ ಮೇಲೆ ವರ್ಷವಿಡೀ ಖಾಲಿ ಪೆಟ್ಟಿಗೆ ಹೊತ್ತು ತಿರುಗುವವರೂ ಇದ್ದಾರೆ, ಚೆಂದಕ್ಕಂತೆ. ಇಳಿಸಲು ಇಬ್ಬರು ಬೇಕು, ಆರೇಳು ಅಡಿ ಉದ್ದದ ಅದನ್ನು ಇಡಲು ಮನೆಯಲ್ಲಿ ಜಾಗವೂ ಬೇಕು. ಗೋಡೆಗೆ ಎರಡು ಅಗಲವಾದ ಬೆಲ್ಟು ಕಟ್ಟಿ ಮಗ್ಗುಲಾಗಿ ತೂಗುಹಾಕಿದರೆ ಸೊಟ್ಟಗಾಗುವುದಿಲ್ಲ. ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿರುವವರು ಪೆಟ್ಟಿಗೆ ಕೊಳ್ಳುವ ಮೊದಲು ಮೆಟ್ಟಿಲಿನ ತಿರುವನ್ನೂ ಅಳೆದುಕೊಳ್ಳಬೇಕು.