ಸರಾಸರಿಯಲ್ಲಿ ಮರೆಯಾಗುವ ಕನ್ನಡ ಪುಟ

ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕಂಡ ಒಂದು ಸಂಗತಿ. ಪಾಠಗಳಿರುವ ಒಂದು ಜಾಲತಾಣ, ಹೆಸರು ಬೇಡ. ಅದರಲ್ಲಿ ಮಲಯಾಳಂ ಪುಟ ಒತ್ತಿದ ಕೂಡಲೇ ಬರುತ್ತದೆ. ಅದೇ ಪಾಠದ ಕನ್ನಡ ಪುಟ ಮೊದಲ ಮಗುವಿಗೆ ತುಂಬಾ ಹೊತ್ತು ತಿರುಗುತ್ತದೆ, ಎರಡನೇ ಮಗುವಿಗೆ ಬೇಗ ಸಿಗುತ್ತದೆ. ಮರುದಿನ ಪುನಃ ಅದೇ ಕಥೆ! "ನೆಟ್ ಸರಿ ಇಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ಆದರೆ ನೆಟ್ ಇಬ್ಬರಿಗೂ ಒಂದೇ ಅಲ್ಲವೇ? ನನ್ನ ಅನುಮಾನ ಕ್ಯಾಶ್ ಮೇಲೆ.

ಕ್ಯಾಶ್ ಎಂದರೆ ಏನು? ಸ್ಟಾಫ್ ರೂಮಿನ ಮೇಜು ಎಂದಿಟ್ಟುಕೊಳ್ಳಿ. ಆಗಾಗ ಬೇಕಾಗುವ ಪುಸ್ತಕ ಮೇಜಿನ ಮೇಲೆ, ಉಳಿದದ್ದು ಕಪಾಟಿನಲ್ಲಿ. ಕಪಾಟು ಎಂದರೆ ಡೇಟಾಬೇಸ್, ಮೇಜು ಎಂದರೆ ಸರ್ವರಿನ ಮೆಮೊರಿ. ಈ ಕೆಲಸಕ್ಕೆ ಹೆಸರಾದ ಮೆಮ್‌ಕ್ಯಾಶ್ಡ್ ಎಂಬ ತಂತ್ರಾಂಶವನ್ನು ಲೈವ್‌ಜರ್ನಲ್ ತಾಣಕ್ಕಾಗಿ 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಬರೆದರು. ಮೇಜು ತುಂಬಿದಾಗ ಅದು ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಹೊರಹಾಕುತ್ತದೆ. ನಿಯಮದಲ್ಲಿ ಭೇದವಿಲ್ಲ. ಆದರೆ ಕೇಳುವವರು ಕಡಿಮೆ ಇರುವ ಭಾಷೆ ಸಾಮಾನ್ಯವಾಗಿ ಮೊದಲು ಹೊರಗೆ ಹೋಗುತ್ತದೆ.

ಉಸ್ತುವಾರಿ ನೋಡುವವರಿಗೆ ಇದು ಕಾಣುವುದಿಲ್ಲವೇ? ಒಂದು ಲೆಕ್ಕ ಮಾಡೋಣ. 1000 ಕೋರಿಕೆಗಳಲ್ಲಿ 970 ಮಲಯಾಳಂ, 30 ಕನ್ನಡ ಎಂದುಕೊಳ್ಳಿ. ಮಲಯಾಳಂನ 960 ಕ್ಯಾಶ್‌ನಲ್ಲೇ ಸಿಕ್ಕಿದವು, ಕನ್ನಡದ್ದು 6 ಮಾತ್ರ. ಒಟ್ಟು ಶೇಕಡಾ 96.6, ಭೇಷ್! ಕನ್ನಡಕ್ಕೆ ಮಾತ್ರ ಶೇಕಡಾ 20. ತರಗತಿಯ ಸರಾಸರಿ ನೋಡಿ ಹಿಂದಿನ ಬೆಂಚಿನ ಮಗುವನ್ನು ಮರೆತ ಹಾಗೆ ಇದು.

ಇನ್ನೊಂದು ತೊಂದರೆ ಕೀಲಿಯದ್ದು. ಕ್ಯಾಶ್‌ನಲ್ಲಿ ಪ್ರತಿ ಪುಟಕ್ಕೂ ಒಂದು ಕೀಲಿ ಇರುತ್ತದೆ. ಒಂದೇ ವಿಳಾಸದಲ್ಲಿ ಎರಡು ಭಾಷೆ ಕೊಡುವ ತಾಣ ಆ ಕೀಲಿಯಲ್ಲಿ ಭಾಷೆ ಸೇರಿಸದಿದ್ದರೆ, ಕನ್ನಡ ಕೇಳಿದವನಿಗೆ ಮಲಯಾಳಂ ಪುಟ ಸಿಗಬಹುದು.

ಸರಿಪಡಿಸಲು ದೊಡ್ಡ ಖರ್ಚಿದೆಯೇ? ಇಲ್ಲ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. 10,000 ಸಂಕೇತಗಳ ಪುಟಕ್ಕೆ ಸುಮಾರು 30 ಕೆಬಿ. ಚಿತ್ರ ಬಿಟ್ಟರೆ ಅಂಥ 1000 ಪುಟಗಳಿಗೆ ಸುಮಾರು 30 ಎಂಬಿ. ನಾವಾಗಿ ಏನೂ ಹೇಳದಿದ್ದರೆ ಮೆಮ್‌ಕ್ಯಾಶ್ಡ್ ಇಟ್ಟುಕೊಳ್ಳುವುದೇ 64 ಎಂಬಿ. ಅದರ ಅರ್ಧದಷ್ಟು ಜಾಗದಲ್ಲಿ ನಮ್ಮ ಪಾಠಗಳ ಅಕ್ಷರವೆಲ್ಲ ಹಿಡಿಯುತ್ತದೆ.

ಆದ್ದರಿಂದ ತಾಣ ನಡೆಸುವವರಲ್ಲಿ ನನ್ನ ಬೇಡಿಕೆ ಮೂರೇ. ಸಿಕ್ಕಿದ್ದು, ಸಿಗದ್ದು, ಹೊರಹಾಕಿದ್ದು — ಈ ಲೆಕ್ಕಗಳನ್ನು ಭಾಷೆವಾರು ಬೇರೆ ಬರೆಯಿರಿ. ಕನ್ನಡ ಪುಟಗಳಿಗೆ ಪ್ರತ್ಯೇಕವಾಗಿ ಸಣ್ಣ ಕ್ಯಾಶ್ ಇಡಿ. ಶಾಲೆ ಶುರುವಾಗುವ ಮೊದಲು ಆ ಪುಟಗಳನ್ನು ಒಂದು ಸಲ ತೆರೆದು ಮೆಮೊರಿಗೆ ತುಂಬಿಸಿ.

ನಮಗೂ ಕೆಲಸವಿದೆ. "ಸೈಟ್ ಸ್ಲೋ" ಎಂದು ಗೊಣಗಿದರೆ ಯಾರೂ ಕೇಳುವುದಿಲ್ಲ. ಯಾವ ಪುಟ, ಎಷ್ಟು ಗಂಟೆಗೆ, ಕನ್ನಡಕ್ಕೆ ಎಷ್ಟು ಸೆಕೆಂಡು, ಮಲಯಾಳಂಗೆ ಎಷ್ಟು — ಒಂದು ವಾರ ಬರೆದಿಟ್ಟು ಕಳಿಸೋಣ. 1956ರಿಂದಲೂ ಕಾಸರಗೋಡಿನ ನಾವು ಅರ್ಜಿ ಬರೆಯುತ್ತಲೇ ಇದ್ದೇವೆ. ಈ ಅರ್ಜಿಯಲ್ಲಿ ಅಂಕೆಗಳೂ ಇರಲಿ.